ಅಂಗಡೀಲಿ ಮಾರ್ತೀವಿ, ಮನೇಲಿ ಕಡಿಮೆ ಮಾಡ್ತಿದ್ದೀವಿ

ಈ ವಾರದ ಎಪಿಸೋಡ್ ನಮ್ಮ ಅಡುಗೆಮನೆಯದು, ಜೊತೆಗೆ ನಮ್ಮ ಅಂಗಡಿಯದು. ಪಾಂಡವಪುರದಲ್ಲಿ ಅಪ್ಪಂದು ಚಿಲ್ಲರೆ ಅಂಗಡಿ. ಬಾಗಿಲಿಗೆ ತೋರಣದ ಥರ ಚಿಪ್ಸ್ ಪ್ಯಾಕೆಟ್, ಪಕ್ಕದಲ್ಲಿ ಕೂಲ್‌ಡ್ರಿಂಕ್ಸ್ ಫ್ರಿಜ್. ಎಂಟು ತಿಂಗಳ ಹಿಂದೆ ಅಪ್ಪಂಗೆ ಶುಗರ್ ಬಂತು. ಸಂಜೆ ಅಂಗಡೀಲಿ ಕೂತು ಏನ್ ತಿಂತೀರಿ ಅಂತ ಡಾಕ್ಟ್ರು ಕೇಳಿದ್ರು. ಅಪ್ಪ ಸುಮ್ಮನಿದ್ರು, ಪಟ್ಟಿ ಪೂರ್ತಿ ಒಪ್ಪಿಸಿದ್ದು ಅಮ್ಮ.

ಪ್ರೊಸೆಸ್ಡ್ ಅಂದ್ರೆ ಅವಲಕ್ಕಿ, ಮೊಸರು, ಬೆಲ್ಲ ಎಲ್ಲಾ ಪ್ರೊಸೆಸ್ಡೇ. ಅವು ತೊಂದರೆ ಅಲ್ಲ. ಬ್ರೆಜಿಲ್‌ನ ಕಾರ್ಲೋಸ್ ಮೊಂಟೈರೊ ಅವರ ತಂಡ 2009ರಲ್ಲಿ ಆಹಾರವನ್ನ ಎಷ್ಟು ಸಂಸ್ಕರಿಸಿದ್ದಾರೆ ಅನ್ನೋದರ ಮೇಲೆ ವಿಂಗಡಿಸೋ 'ನೋವಾ' ಪದ್ಧತಿ ತಂದ್ರು. ಕೊನೇ ಗುಂಪು ಅಲ್ಟ್ರಾ ಪ್ರೊಸೆಸ್ಡ್. ನಮ್ಮನೇಲಿ ಅದನ್ನ ಹೀಗೆ ಮಾಡ್ಕೊಂಡಿದ್ದೀವಿ: ಪ್ಯಾಕೆಟ್ ಹಿಂದೆ ಬರೆದಿರೋ ಸಾಮಾನು ಅಮ್ಮನ ಡಬ್ಬಗಳಲ್ಲಿ ಇದೆಯಾ? ಮಾಲ್ಟೊಡೆಕ್ಸ್‌ಟ್ರಿನ್, ಎಮಲ್ಸಿಫೈಯರ್ ಯಾವ ಡಬ್ಬದಲ್ಲೂ ಇಲ್ಲ.

ಕೂಲ್‌ಡ್ರಿಂಕ್ ಲೆಕ್ಕ ಇನ್ನೂ ಸುಲಭ. ಕೋಲಾದಲ್ಲಿ 100 ಎಂಎಲ್‌ಗೆ ಸುಮಾರು 10 ಗ್ರಾಂ ಸಕ್ಕರೆ. 250 ಎಂಎಲ್ ಕುಡಿದ್ರೆ 25 ಗ್ರಾಂ. ದೊಡ್ಡವರಿಗೆ ದಿನಕ್ಕೆ ಇದಕ್ಕಿಂತ ಕಡಿಮೆ ಇದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಅಕ್ಕನ್ನ ಕೊಟ್ಟಿರೋದು ಶ್ರೀರಂಗಪಟ್ಟಣಕ್ಕೆ. ಮಗೂಗೆ ದಿನಾ ಎರಡು ಲೋಟ ಮಾಲ್ಟ್ ಪುಡಿ ಹಾಲು, ಹೆಲ್ತ್ ಡ್ರಿಂಕ್ ಅಂತ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನ 'ಹೆಲ್ತ್ ಡ್ರಿಂಕ್ಸ್' ವಿಭಾಗದಿಂದ ತೆಗೀರಿ ಅಂತ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಹೇಳ್ತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆ ಹೆಸರಿನ ವಿಭಾಗಾನೇ ಇಲ್ಲ! ಈಗ ಆ ಮಗು ಕುಡಿಯೋದು ರಾಗಿ ಅಂಬಲಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲೂ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡ್ತಿದ್ದಾರೆ. ಬೆಲ್ಲ ಎಷ್ಟಾದ್ರೂ ಹಾಕ್ಬಹುದು ಅಂತ ಅಕ್ಕ ಅಂದ್ಕೊಂಡಿದ್ಲು. ಇಲ್ಲಕ್ಕ, ಶುಗರ್ ಲೆಕ್ಕದಲ್ಲಿ ಬೆಲ್ಲಾನೂ ಸಕ್ಕರೇನೇ.

ರಾಗಿ ಬರೋದು ನಾಗಮಂಗಲದ ಅಜ್ಜಿ ಮನೆಯಿಂದ. ಅಲ್ಲಿ ಮಳೆ ಬೇಸಾಯ, ನಮ್ಮ ಕಡೆ ಥರ ನಾಲೆ ನೀರಿಲ್ಲ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಕೂತು, ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ 'ಇಂಡಾಫ್' ತಳಿಗಳನ್ನ ಕೊಟ್ಟ ಲಕ್ಷ್ಮಣಯ್ಯನವರ ಹೆಸರು ನಮ್ಮ ಜನರೇಷನ್‌ಗೆ ಗೊತ್ತೇ ಇಲ್ಲ. ಅವರ ಮೇಲೊಂದು ಎಪಿಸೋಡ್ ಮಾಡ್ತೀನಿ.

ಇಷ್ಟೆಲ್ಲ ಹೇಳ್ಕೊಂಡು ಕೆ.ಆರ್. ಪೇಟೆಗೆ ಹೋದೆ, ಗಾರ್ಮೆಂಟ್ಸ್‌ಗೆ ಹೋಗೋ ಚಿಕ್ಕಮ್ಮನ ಮನೆಗೆ. ಅವರ ಮಾತು ಹಂಗೇ ಹೇಳ್ತೀನಿ: "ನಂಗೂ ಗೊತ್ತು ಕಣವ್ವ. ಬೆಳಿಗ್ಗೆ ಆರೂಮುಕ್ಕಾಲಿಗೆ ಗಾಡಿ ಬತ್ತದೆ. ನೀನು ಬಂದು ಹಿಟ್ಟು ತಿರುವ್ತೀಯಾ?"

ನೂಡಲ್ಸ್ ಅವರ ಮನೆಗೆ ಬಂದಿದ್ದು ರುಚಿಗಲ್ಲ, ಟೈಮ್‌ಗೆ. 'ಮನೆ ಊಟ ಮಾಡಿ' ಅನ್ನೋ ರೀಲ್ಸ್‌ನಲ್ಲಿ ಆ ಊಟ ಯಾರು ಮಾಡ್ಬೇಕು ಅಂತ ಹೇಳೋದೇ ಇಲ್ಲ. ಕೊನೆಗೆ ಅಲ್ಲಿ ನಡೆದಿದ್ದು ಅಜ್ಜಿಯ ಹುರಿಹಿಟ್ಟು. ಬೇಯಿಸೋ ಹಾಗಿಲ್ಲ, ಹಾಲು, ಚೂರು ಬೆಲ್ಲ ಹಾಕಿ ಕಲಸಿದ್ರೆ ಎರಡು ನಿಮಿಷ. ಚಿಕ್ಕಪ್ಪ ಇನ್ನೂ ಅಡುಗೆಮನೆ ಹೊಸ್ತಿಲು ದಾಟಿಲ್ಲ. ಪಿಯುಸಿ ಓದೋ ಮಗ ದಾಟಿದ್ದಾನೆ, ರಾತ್ರಿ ತರಕಾರಿ ಹೆಚ್ಚೋದು ಅವನೇ.

ಇನ್ನು ಅಂಗಡಿ. ಇವನ್ನೆಲ್ಲ ತೆಗೆದುಬಿಡೋಣ ಅಂದೆ. ಅಪ್ಪ, "ಇದನ್ನ ಮಾರ್ದೇ ಇದ್ದಿದ್ರೆ ನಿನ್ ಬಿಕಾಂ ಫೀಸ್ ಎಲ್ಲಿಂದ ಬರ್ತಿತ್ತವ್ವ?" ಅಂದ್ರು. ಇದಕ್ಕೆ ನನ್ನತ್ರ ಇನ್ನೂ ಉತ್ತರ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಕೂಲ್‌ಡ್ರಿಂಕ್‌ಗೆ ಜಿಎಸ್‌ಟಿ 40 ಪರ್ಸೆಂಟ್, ಆದ್ರೆ ಬಿಸ್ಕತ್ತು, ಮಿಕ್ಸ್ಚರ್‌ಗೆ 5ಕ್ಕೆ ಇಳೀತು. ಸ್ಕೂಲ್ ಬಿಟ್ಟಾಗ ಮಕ್ಕಳ ಕೈಲಿರೋದು ಐದು, ಹತ್ತು ರೂಪಾಯಿ. ಅದಕ್ಕೆ ಸಿಗೋದು ಪ್ಯಾಕೆಟ್ಟೇ.

ಸದ್ಯಕ್ಕೆ ಗಲ್ಲದ ಪಕ್ಕ ಹುರಿಗಡಲೆ, ಕಡಲೆಕಾಯಿ ಬಾಟ್ಲು ಇಟ್ಟಿದ್ದೀವಿ, ಅಳತೆ ಲೋಟಕ್ಕೆ ಐದು ರೂಪಾಯಿ. ಪರವಾಗಿಲ್ಲ, ಹೋಗ್ತಿದೆ. ಅಮ್ಮ ಮಜ್ಜಿಗೇನೂ ಮಾಡ್ತಾರೆ. ಆದ್ರೆ ಫ್ರಿಜ್ ಕೂಲ್‌ಡ್ರಿಂಕ್ ಕಂಪನಿ ಕೊಟ್ಟಿರೋದು, ಅದ್ರಲ್ಲಿ ಬೇರೆ ಏನೂ ಇಡಂಗಿಲ್ಲ. ಅದಕ್ಕೆ ಮಜ್ಜಿಗೆ ಈಗ ಮಡಕೇಲಿ, ಫ್ರಿಜ್‌ಗೆ ಒರಗಿಸಿ ಇಟ್ಟಿದ್ದಾರೆ.