ಬೆಲೆ ಬೇರೆ, ಮೌಲ್ಯ ಬೇರೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಸಾಹಿತ್ಯವನ್ನೋ ಶರಣರ ಚರಿತ್ರೆಯನ್ನೋ ಕುರಿತು ಮಾತನಾಡುವುದು ರೂಢಿ. ಹಣದ ವಿಷಯವನ್ನು ವೇದಿಕೆಯ ಮೇಲೆ ತರಲು ನಾವು ನಾಚುತ್ತೇವೆ. ಆದರೆ ಆ ನಾಚಿಕೆಗಾಗಿ ನಾವು ತೆತ್ತಿರುವ ದಂಡ ಸಣ್ಣದಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದು ಭಿಶಿಯಲ್ಲಿ ಮುಳುಗಿದಾಗ, ನಿವೃತ್ತಿಯ ದಿನ ಕೈಗೆ ಬಂದ ಗಂಟು ‘ನೂರು ದಿನಕ್ಕೆ ಇಮ್ಮಡಿ’ ಎಂದವನ ಪಾಲಾದಾಗ, ಆ ಮನೆಯವರು ಅದನ್ನು ನೆರೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಅವರು ಹೇಳದೆ ಇದ್ದುದರಿಂದಲೇ ಅದೇ ಮೋಸವು ಮುಂದಿನ ಓಣಿಯಲ್ಲಿ ಮತ್ತೆ ನಡೆಯುತ್ತದೆ. ಆದುದರಿಂದ ಹಣ ಹೂಡುವ ವಿದ್ಯೆಯಲ್ಲಿ ಜಗತ್ತಿನಲ್ಲೇ ಹೆಸರಾದ ಇಬ್ಬರು ಮೂವರ ಬಾಳನ್ನು ನೋಡಿ, ಸಾಮಾನ್ಯ ಸಂಸಾರಿಗಳಾದ ನಾವು ಕಲಿಯತಕ್ಕದ್ದೇನು ಎಂಬುದನ್ನು ಇಂದು ವಿಚಾರಿಸೋಣ.

ಮೊದಲು ಶೇರು ಎಂದರೇನು ಎಂಬುದನ್ನು ತಿಳಿಯಬೇಕು. ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೋಲಾಪುರದ ನೂಲುವ ಮತ್ತು ನೇಯುವ ಗಿರಣಿಯು 1949ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಆಡಳಿತದ ಅವ್ಯವಸ್ಥೆಯೂ ಅಲಕ್ಷ್ಯವೂ ಇದಕ್ಕೆ ಕಾರಣವೆಂದು ಕಾಣಿಸಿ, ಭಾರತ ಸರಕಾರವು 1950ರಲ್ಲಿ ಈ ಒಂದೇ ಕಂಪನಿಗಾಗಿ ಪ್ರತ್ಯೇಕ ಕಾನೂನು ಮಾಡಿ ಗಿರಣಿಯ ಆಡಳಿತವನ್ನು ತಾನೇ ವಹಿಸಿಕೊಂಡಿತು. ಪಾಲುದಾರರಿಗೆ ನಿರ್ದೇಶಕರನ್ನು ಆರಿಸುವ ಅಧಿಕಾರ ಉಳಿಯಲಿಲ್ಲ. ಒಬ್ಬ ಪಾಲುದಾರರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ವರ್ಷದ ಡಿಸೆಂಬರಿನಲ್ಲಿ ಅವರ ಅರ್ಜಿ ವಜಾ ಆಯಿತು. ಇಂದಿಗೂ ವಕೀಲಿ ಓದುವ ಹುಡುಗರು ಈ ಮೊಕದ್ದಮೆಯನ್ನು ಪಾಠವಾಗಿ ಓದುತ್ತಾರೆ. ಹೂಡಿಕೆದಾರನಿಗೂ ಅದರಲ್ಲಿ ಒಂದು ಪಾಠವುಂಟು. ಶೇರು ಎಂಬುದು ಏರಿ ಇಳಿಯುವ ಬರಿಯ ಅಂಕಿಯಲ್ಲ. ಅದು ಒಂದು ಉದ್ಯಮದ ಒಡೆತನದ ತುಣುಕು. ಉದ್ಯಮ ಹೇಗೋ, ಅದನ್ನು ನಡೆಸುವವರು ಹೇಗೋ, ಆ ಕಾಗದದ ಗತಿಯೂ ಹಾಗೆಯೇ.

ಈ ಸರಳವಾದ ಸಂಗತಿಯನ್ನು ಶಾಸ್ತ್ರವನ್ನಾಗಿ ಮಾಡಿದವರು ಬೆಂಜಮಿನ್ ಗ್ರಹಾಂ. ಅವರು ಹುಟ್ಟಿದುದು 1894ರಲ್ಲಿ, ಲಂಡನ್ನಿನಲ್ಲಿ. ಬೆಳೆದುದು ಅಮೆರಿಕದ ನ್ಯೂಯಾರ್ಕಿನಲ್ಲಿ. ಚಿಕ್ಕಂದಿನಲ್ಲಿಯೇ ತಂದೆ ತೀರಿಕೊಂಡರು. ತಾಯಿಯು ಸಾಲದ ಆಧಾರದ ಮೇಲೆ ಕೊಂಡಿದ್ದ ಕೆಲವು ಶೇರುಗಳ ಹಣ 1907ರ ಕುಸಿತದಲ್ಲಿ ಕೊಚ್ಚಿಹೋಯಿತು. ಮುಂದೆ ಗ್ರಹಾಂ ತಾವೇ ಹೆಸರಾಂತ ಹೂಡಿಕೆದಾರರಾದರೂ 1929ರಿಂದ 1932ರ ವರೆಗಿನ ಮಹಾಕುಸಿತದಲ್ಲಿ ಅವರು ನಡೆಸುತ್ತಿದ್ದ ನಿಧಿಯು ಸುಮಾರು ನೂರಕ್ಕೆ ಎಪ್ಪತ್ತರಷ್ಟು ನಷ್ಟಕ್ಕೆ ಗುರಿಯಾಯಿತು. ಆ ಪೆಟ್ಟಿನ ಅನಂತರ, 1934ರಲ್ಲಿ, ಡೇವಿಡ್ ಡಾಡ್ ಅವರೊಡನೆ ಶೇರುಗಳ ಪರೀಕ್ಷೆಯನ್ನು ಕುರಿತ ಮಹಾಗ್ರಂಥವನ್ನೂ, 1949ರಲ್ಲಿ ಸಾಮಾನ್ಯರಿಗಾಗಿ ಇನ್ನೊಂದು ಗ್ರಂಥವನ್ನೂ ಅವರು ಹೊರತಂದರು. ಎಂದಮೇಲೆ ಈ ವಿದ್ಯೆಯು ಸುಖದ ದಿನಗಳಲ್ಲಿ ಹುಟ್ಟಿದುದಲ್ಲ, ಸುಟ್ಟ ಕೈಯಿಂದ ಬರೆದುದು ಎಂಬುದನ್ನು ನೆನಪಿಡಬೇಕು.

ಗ್ರಹಾಂ ಕಲಿಸಿದ ಮೊದಲನೆಯ ಪಾಠವೆಂದರೆ, ಬೆಲೆ ಬೇರೆ, ಮೌಲ್ಯ ಬೇರೆ. ಇದನ್ನು ತಿಳಿಸಲು ಅವರು ಒಂದು ದೃಷ್ಟಾಂತವನ್ನು ಕಟ್ಟಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದು ಅಂಗಡಿಯಲ್ಲಿ ನಿಮಗೊಬ್ಬ ಪಾಲುಗಾರನಿದ್ದಾನೆಂದು ತಿಳಿಯಿರಿ. ಅವನನ್ನು ಪೇಟೆರಾಯ ಎಂದು ಕರೆಯೋಣ. ಅವನು ದಿನವೂ ಬೆಳಿಗ್ಗೆ ನಿಮ್ಮ ಮನೆಗೆ ಬಂದು ಒಂದು ದರ ಹೇಳುತ್ತಾನೆ. ಆ ದರಕ್ಕೆ ನಿಮ್ಮ ಪಾಲನ್ನು ಕೊಳ್ಳಲೂ ತನ್ನ ಪಾಲನ್ನು ಮಾರಲೂ ಸಿದ್ಧನಿರುತ್ತಾನೆ. ಹುಮ್ಮಸ್ಸು ಬಂದ ದಿನ ದರ ಆಕಾಶಕ್ಕೇರುತ್ತದೆ. ಹೆದರಿದ ದಿನ ಪಾತಾಳಕ್ಕಿಳಿಯುತ್ತದೆ. ಅಂಗಡಿಯಾದರೋ ನಿನ್ನೆ ಇದ್ದಂತೆಯೇ ಇದೆ, ಗಿರಾಕಿಗಳೂ ಅವರೇ. ಅವನ ಮಾತಿಗೆ ಉತ್ತರ ಕೊಡಲೇಬೇಕೆಂಬ ನಿರ್ಬಂಧ ನಿಮಗಿಲ್ಲ. ದರ ಅನುಕೂಲವಾಗಿದ್ದರೆ ವ್ಯವಹಾರ ಮಾಡಿರಿ, ಇಲ್ಲವಾದರೆ ಚಹ ಕೊಟ್ಟು ಕಳಿಸಿರಿ. ಆದರೆ ಇಂದು ಈ ಪೇಟೆರಾಯನು ನಮ್ಮ ಜೇಬಿನ ಫೋನಿನಲ್ಲೇ ಕುಳಿತು ಗಳಿಗೆಗೊಮ್ಮೆ ಕೂಗುತ್ತಿದ್ದಾನೆ. ಅವನ ಕೂಗಿಗೆ ಓಗೊಡದಿರುವುದು ಗ್ರಹಾಂ ಅವರ ಕಾಲಕ್ಕಿಂತ ಈಗ ಹೆಚ್ಚು ಕಷ್ಟ.

ಎರಡನೆಯ ಪಾಠವೆಂದರೆ ಸುರಕ್ಷೆಯ ಅಂತರ. ನೂರು ರೂಪಾಯಿ ಬಾಳುವುದೆಂದು ನಾವು ಎಣಿಸಿದ ವಸ್ತುವನ್ನು ತೊಂಬತ್ತೊಂಬತ್ತಕ್ಕೆ ಕೊಳ್ಳಬಾರದು. ಅರವತ್ತು ಎಪ್ಪತ್ತಕ್ಕೆ ಸಿಕ್ಕಾಗ ಕೊಳ್ಳಬೇಕು. ಏಕೆಂದರೆ ನಮ್ಮ ಎಣಿಕೆಯೇ ತಪ್ಪಾಗಿರಬಹುದು. ಇದು ನಮ್ಮವರಿಗೆ ಹೊಸ ಮಾತೇನೂ ಅಲ್ಲ. ಈ ಸೀಮೆಯ ಹಿರಿಯರು ಹಗೇವಿನಲ್ಲಿ ಜೋಳ ತುಂಬುತ್ತಿದ್ದುದು ಒಂದು ವರ್ಷದ ಊಟವನ್ನಷ್ಟೇ ಲೆಕ್ಕ ಹಾಕಿ ಅಲ್ಲ. ಮುಂದಿನ ಮಳೆ ಕೈಕೊಟ್ಟೀತೆಂಬ ಎಚ್ಚರ ಆ ಹಗೇವಿನ ಆಳದಲ್ಲಿತ್ತು. ಸಂಸಾರಿಗೆ ಇದರ ಅರ್ಥ ಇಷ್ಟೇ: ಆರು ತಿಂಗಳ ಮನೆವೆಚ್ಚಕ್ಕೆ ಸಾಲುವಷ್ಟು ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಮೊದಲು ಇರಲಿ, ಆಮೇಲೆ ಶೇರಿನ ಯೋಚನೆ. ಸಾಲ ಮಾಡಿ, ಒಡವೆ ಅಡವಿಟ್ಟು ಶೇರು ಕೊಳ್ಳುವುದಂತೂ ಕೂಡದು. ಐವತ್ತು ರೂಪಾಯಿಗೆ ಇಳಿದ ನೂರು ರೂಪಾಯಿ ಮರಳಿ ನೂರಾಗಬೇಕಾದರೆ ಇಮ್ಮಡಿಯಾಗಬೇಕು. ಸಾಲಗಾರನು ಅಲ್ಲಿಯವರೆಗೆ ಕಾಯಲು ಬಿಡುವವರುಂಟೇ?

ಮೂರನೆಯ ಪಾಠವನ್ನು ಗ್ರಹಾಂ ಅವರ ಶಿಷ್ಯರಾದ ವಾರನ್ ಬಫೆಟ್ ಅವರಿಂದ ಕಲಿಯಬೇಕು. ಅಮೆರಿಕದ ಒಮಾಹಾ ನಗರದಲ್ಲಿ 1930ರಲ್ಲಿ ಹುಟ್ಟಿದ ಇವರು ಹನ್ನೊಂದನೆಯ ವಯಸ್ಸಿನಲ್ಲಿ 38 ಡಾಲರಿನಂತೆ ಮೊದಲ ಶೇರುಗಳನ್ನು ಕೊಂಡರು. ದರ 27ಕ್ಕೆ ಇಳಿದಾಗ ಗಾಬರಿಯಾಗಿ, 40ಕ್ಕೆ ಏರಿದೊಡನೆ ಮಾರಿಬಿಟ್ಟರು. ಮುಂದೆ ಅದೇ ಶೇರು 200 ಡಾಲರನ್ನು ದಾಟಿತು. ಬಾಲಕನಿಗೆ ತಾಳ್ಮೆಯ ಪಾಠವಾಯಿತು. ಆದರೆ ಅಗ್ಗವಾದುದೆಲ್ಲ ಒಳ್ಳೆಯದಲ್ಲವೆಂಬ ಪಾಠ ಅವರಿಗೆ ಬಹಳ ತಡವಾಗಿ ಸಿಕ್ಕಿತು, ಅದೂ ಒಂದು ಬಟ್ಟೆಯ ಗಿರಣಿಯಿಂದ. ಬರ್ಕ್‌ಷೈರ್ ಹ್ಯಾಥವೇ ಎಂಬ ಗಿರಣಿಯ ಶೇರುಗಳು ಅಗ್ಗವಾಗಿ ಸಿಗುತ್ತಿವೆಯೆಂದು 1962ರಿಂದ ಕೊಳ್ಳುತ್ತ ಬಂದು 1965ರಲ್ಲಿ ಅದರ ಹಿಡಿತವನ್ನು ಪಡೆದರು. ಇಪ್ಪತ್ತು ವರ್ಷ ಹೆಣಗಿದರೂ ಮಗ್ಗಗಳು ಲಾಭ ತರಲಿಲ್ಲ. 1985ರಲ್ಲಿ ನೇಯ್ಗೆಯನ್ನು ನಿಲ್ಲಿಸಬೇಕಾಯಿತು. ಆ ಕೊಳ್ಳುವಿಕೆ ತಮ್ಮ ತಪ್ಪೆಂದು ಅವರೇ ಬಹಿರಂಗವಾಗಿ ಒಪ್ಪಿದ್ದಾರೆ. ಇದರ ನಡುವೆ ಗೆಳೆಯ ಚಾರ್ಲಿ ಮಂಗರ್ ಅವರ ಸಲಹೆಯಂತೆ ಒಳ್ಳೆಯ ಉದ್ಯಮಕ್ಕೆ ನ್ಯಾಯವಾದ ಬೆಲೆ ಕೊಟ್ಟು ಕಾಯುವ ಮಾರ್ಗವನ್ನು ಅವರು ಹಿಡಿದರು. 1972ರಲ್ಲಿ 2 ಕೋಟಿ 50 ಲಕ್ಷ ಡಾಲರಿಗೆ ಕೊಂಡ ಮಿಠಾಯಿಯ ಕಂಪನಿಯೊಂದು ಅನೇಕ ದಶಕಗಳ ಕಾಲ ಫಲ ಕೊಟ್ಟಿತು. ಗಿರಣಿಯ ಹೆಸರು ಮಾತ್ರ ಉಳಿದ ಆ ಸಂಸ್ಥೆಯನ್ನು ಬಫೆಟ್ ಅವರು 2025ರ ಕೊನೆಯ ತನಕ ನಡೆಸಿದರು. ಇಷ್ಟು ಸಂಪತ್ತಿದ್ದರೂ 1958ರಲ್ಲಿ ಕೊಂಡ ಮನೆಯಲ್ಲಿಯೇ ದಶಕಗಳ ಕಾಲ ವಾಸವಾಗಿದ್ದರು. ಗಿರಣಿಯ ಭೋಂಗಾ ಕೇಳಿ ಬೆಳೆದ ನಮ್ಮ ಊರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಶೇರೆಂದರೆ ನಷ್ಟವೇ ಎಂದು ತಿಳಿಯುವುದೂ ಸರಿಯಲ್ಲ. ನಮ್ಮ ಮಹಾರಾಷ್ಟ್ರದ್ದೇ ಆದ ಖಾನದೇಶದ ಅಮಳನೇರ ಎಂಬ ಊರಿನಲ್ಲಿ 1945ರಲ್ಲಿ ಒಂದು ಎಣ್ಣೆಯ ಕಾರ್ಖಾನೆ ಹುಟ್ಟಿತು. ಊರಿನ ಜನರೂ ಅದರಲ್ಲಿ ಪಾಲು ಹಿಡಿದರು. 1966ರಲ್ಲಿ ತಂದೆಯು ತೀರಿಕೊಂಡಾಗ ಇಪ್ಪತ್ತೊಂದು ವರ್ಷದ ತರುಣರಾದ ಅಜೀಮ್ ಪ್ರೇಮ್‌ಜಿಯವರು ಅದರ ಹೊಣೆ ಹೊತ್ತರು. ಬೆಂಗಳೂರಿನಲ್ಲಿ ಕೇಂದ್ರವನ್ನುಳ್ಳ ಇಂದಿನ ವಿಪ್ರೋ ಕಂಪನಿಯೇ ಅದು. ಪೆಟ್ಟಿಗೆಯಲ್ಲಿಟ್ಟ ಆ ಕಾಗದವನ್ನು ಮಾರದೆ ಮಕ್ಕಳಿಗೆ ಬಿಟ್ಟುಹೋದ ಅಮಳನೇರದ ಅನೇಕ ಮನೆಗಳು ಸಿರಿವಂತವಾದವು.

ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ಸೋಲಾಪುರದ ಗಿರಣಿಯಲ್ಲಿ ಪಾಲು ಹಿಡಿದವರು ಮೂರ್ಖರಲ್ಲ. ಅಮಳನೇರದವರು ಭವಿಷ್ಯ ಬಲ್ಲವರೂ ಅಲ್ಲ. ಯಾವ ಕಾಗದ ಬಂಗಾರವಾದೀತು, ಯಾವುದು ರದ್ದಿಯಾದೀತು ಎಂದು ಮುಂಚಿತವಾಗಿ ತಿಳಿಯುವುದಕ್ಕೆ ಗ್ರಹಾಂ, ಬಫೆಟ್ ಅವರಂತೆ ಇಡೀ ಆಯುಷ್ಯವನ್ನು ಲೆಕ್ಕಪತ್ರಗಳ ಓದಿಗೆ ಮೀಸಲಿಡಬೇಕು. ಮಗ್ಗವನ್ನೋ ಶಾಲೆಯನ್ನೋ ಹೊಲವನ್ನೋ ನೋಡಿಕೊಳ್ಳುವ ನಮಗೆ ಅದು ಸಾಧ್ಯವಿಲ್ಲ. ಆದುದರಿಂದ ಅವರು ಕೊಂಡ ಶೇರುಗಳನ್ನು ನಾವು ಅನುಕರಿಸುವುದು ಬೇಡ. ಅವರ ಸಂಯಮವನ್ನು ಅನುಕರಿಸೋಣ.

ಸಾಮಾನ್ಯರಿಗೆ ಬಫೆಟ್ ಅವರು ತೋರಿದ ದಾರಿಯೂ ಇದೇ. ಸೂಚ್ಯಂಕ ನಿಧಿ, ಅಂದರೆ ಪೇಟೆಯವರು ಇಂಡೆಕ್ಸ್ ಫಂಡ್ ಎನ್ನುವುದು, ದೊಡ್ಡ ಕಂಪನಿಗಳೆಲ್ಲವುಗಳಲ್ಲಿ ಸ್ವಲ್ಪ ಸ್ವಲ್ಪ ಹಣವನ್ನು ಕಡಿಮೆ ಖರ್ಚಿನಲ್ಲಿ ಹಂಚಿಡುತ್ತದೆ. 2008ರಲ್ಲಿ ಅವರು ಒಂದು ಪಂಥ ಕಟ್ಟಿದರು: ದುಬಾರಿ ಸಂಬಳದ ಪಂಡಿತರು ಆರಿಸಿದ ಐದು ನಿಧಿಗಳನ್ನು ಇಂಥ ಒಂದು ಸಾದಾ ನಿಧಿಯು ಹತ್ತು ವರ್ಷಗಳಲ್ಲಿ ಮೀರಿಸುವುದೆಂದು. 2017ರ ಕೊನೆಗೆ ಸಾದಾ ನಿಧಿಯು ಶೇಕಡಾ 125.8ರಷ್ಟು ಬೆಳೆದಿತ್ತು. ಪಂಡಿತರ ಐದರಲ್ಲಿ ಅತ್ಯುತ್ತಮವಾದುದು 87.7, ಅತಿ ಕೆಳಗಿನದು 2.8. ಸೋಲಿಗೆ ಮುಖ್ಯ ಕಾರಣ ಅವರು ವಸೂಲು ಮಾಡಿದ ಶುಲ್ಕ. ಲೆಕ್ಕ ಹಾಕಿ ನೋಡಿರಿ: ಒಂದು ಲಕ್ಷ ರೂಪಾಯಿ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬೆಳೆದರೆ ಮೂವತ್ತು ವರ್ಷಕ್ಕೆ ಸುಮಾರು 30 ಲಕ್ಷವಾಗುತ್ತದೆ, ಹತ್ತರಂತೆ ಬೆಳೆದರೆ ಹದಿನೇಳೂವರೆ ಲಕ್ಷ ಮಾತ್ರ. ಇಷ್ಟೇ ಬೆಳೆದೀತೆಂಬ ಖಾತರಿ ಯಾರೂ ಕೊಡಲಾರರು. ಆದರೆ ಎರಡು ರೂಪಾಯಿಯ ದಲ್ಲಾಳಿತನ ಕಾಲಾಂತರದಲ್ಲಿ ಎಷ್ಟು ತಿನ್ನುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ತರುಣರಿಗೆ ಒಂದು ಮಾತು. ಫೋನಿನಲ್ಲಿ ಫ್ಯೂಚರ್ಸ್, ಆಪ್ಶನ್ಸ್ ಆಡುವುದನ್ನು ಹೂಡಿಕೆಯೆಂದು ನೀವು ತಿಳಿದಿದ್ದರೆ, ಶೇರುಪೇಟೆಯ ನಿಯಂತ್ರಕರಾದ ಸೆಬಿಯವರು 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ವರದಿಯನ್ನು ಕೇಳಿರಿ. 2021-22ರಿಂದ ಮೂರು ವರ್ಷಗಳಲ್ಲಿ ಇದನ್ನು ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿ ಕಳೆದುಕೊಂಡವರು. ಎಲ್ಲರ ನಷ್ಟ ಸೇರಿ 1 ಲಕ್ಷ 80 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು. ಇದನ್ನು ಇಸ್ಪೀಟಿನ ಮನೆಯಿಂದ ಬೇರ್ಪಡಿಸುವುದು ಕಷ್ಟ.

ಹಿರಿಯರಿಗೂ ಒಂದು ಮಾತು. ಬ್ಯಾಂಕಿನ ಠೇವಣಿಗೆ ವಿಮೆಯ ರಕ್ಷಣೆಯುಂಟು. 2020ರಲ್ಲಿ ಅದರ ಮಿತಿಯನ್ನು ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಪತಪೇಢಿಯ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಪರಿಚಯದವರು ನಡೆಸುತ್ತಾರೆ, ಎರಡು ರೂಪಾಯಿ ಬಡ್ಡಿ ಹೆಚ್ಚು ಕೊಡುತ್ತಾರೆ ಎಂದು ಬಾಳಿನ ಗಳಿಕೆಯೆಲ್ಲವನ್ನೂ ಒಂದೇ ಕಡೆ ಇಡಬೇಡಿರಿ. ಹಣ ಇಮ್ಮಡಿಯಾಗಲು ಎಷ್ಟು ವರ್ಷ ಬೇಕೆಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಿರಿ. ಎಂಟು ರೂಪಾಯಿ ಬಡ್ಡಿಗೆ ಒಂಬತ್ತು ವರ್ಷ ಬೇಕು, ಹನ್ನೆರಡಕ್ಕೆ ಆರು ವರ್ಷ. ಒಂದು ವರ್ಷದಲ್ಲಿ ಇಮ್ಮಡಿ ಮಾಡುವೆನೆನ್ನುವವನು ಮನೆ ಬಾಗಿಲಿಗೆ ಬಂದರೆ ಈ ಲೆಕ್ಕವನ್ನು ಅವನ ಮುಂದೆಯೇ ಮಾಡಿರಿ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಸೂಚನೆ. ಹೂಡಿಕೆಯ ಕರಾರುಗಳು ನಮ್ಮ ಕೈಗೆ ಬರುವುದು ಇಂಗ್ಲಿಷಿನಲ್ಲಿ, ಇಲ್ಲವೆ ಮರಾಠಿಯಲ್ಲಿ. ಕನ್ನಡದಲ್ಲಿ ಓದಿದ ತಾಯಂದಿರು ಅರ್ಥವಾಗದೆಯೇ ರುಜು ಹಾಕುತ್ತಾರೆ. ತಿಂಗಳಿಗೊಂದು ಸಂಜೆ ಸಂಘದ ಕೋಣೆಯಲ್ಲಿ ಕುಳಿತು, ಯಾರೇ ತಂದ ಕಾಗದವನ್ನಾದರೂ ಕನ್ನಡದಲ್ಲಿ ಬಿಡಿಸಿ ಓದುವ ಏರ್ಪಾಡು ಆಗಲಿ. ಇದನ್ನು ನಡೆಸುವವರು ಯಾವ ನಿಧಿಯ ದಲ್ಲಾಳಿಗಳೂ ಆಗಿರಬಾರದು. ಇಂಥದನ್ನೇ ಕೊಳ್ಳಿರೆಂದು ಹೇಳಲೂ ಬಾರದು. ಓದಿ ತಿಳಿಸಿದರೆ ಸಾಕು. ರುಜು ಹಾಕುವ ಮೊದಲು ಒಂದು ತಿಂಗಳು ತಡೆದಂತಾಯಿತು. ಆ ತಡೆಯೇ ಅನೇಕ ಮನೆಗಳನ್ನು ಉಳಿಸೀತು.