ದೂರದ ವೈದ್ಯರು, ಕೈಯಲ್ಲಿ ರಸೀತಿ



ಬೆಂಗಳೂರಿನ ಕುರುಬರಹಳ್ಳಿಯಲ್ಲಿ ನೆಲೆಸಿದ ಮಗನು ಊರಿನಲ್ಲಿರುವ ತಾಯಿಗೆ ಫೋನಿನಲ್ಲಿಯೇ ವೈದ್ಯರ ಸಲಹೆ ಕೊಡಿಸುವ ಕಾಲವಿದು. ಆ ಶುಲ್ಕವನ್ನು ವಿಮೆಯವರು ಕೊಡುವರೇ? ಪಾಲಿಸಿಯಲ್ಲಿ ವೈದ್ಯರ ಸಲಹೆಗೆ ಹಣವುಂಟೆಂದಿದ್ದರೆ ಫೋನಿನ ಸಲಹೆಗೂ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಜೂನ್‌ನಲ್ಲಿ ಸೂಚಿಸಿತು. ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುವ ಪಾಲಿಸಿಯಾದರೆ, ಬರಿಯ ಸಲಹೆಗೆ ಸಿಗಲಾರದು. ಆದಕಾರಣ ಸಹಿ ಹಾಕುವ ಮೊದಲೇ ಓದಿಸಿ ಕೇಳಿರಿ.

ಶುಲ್ಕ ಕೊಟ್ಟೊಡನೆ ರಸೀತಿ ಪಡೆಯಿರಿ. ಅದನ್ನು ವೈದ್ಯರು ಕೊಡಬೇಕೆಂದು 2020ರ ಮಾರ್ಚ್ ತಿಂಗಳ ಮಾರ್ಗಸೂಚಿಯಲ್ಲಿಯೇ ಇದೆ. ರಸೀತಿಯನ್ನೂ ಔಷಧಿ ಚೀಟಿಯನ್ನೂ ಪಹಣಿಯಷ್ಟೇ ಜೋಪಾನವಾಗಿಡಿರಿ.

ವಿಮೆಯಿಲ್ಲದವರು ಎದೆಗುಂದಬೇಕಾಗಿಲ್ಲ. ಸರ್ಕಾರದ ಇ-ಸಂಜೀವಿನಿಯಲ್ಲಿ ಸಲಹೆಗೆ ಶುಲ್ಕವಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಹಾವು ಕಡಿದರೆ, ಎದೆನೋವು ಬಂದರೆ ಮಾತ್ರ ಫೋನನ್ನು ನಂಬಿ ಕೂರಬೇಡಿರಿ. 108ಕ್ಕೆ ಕರೆದು ಆಸ್ಪತ್ರೆಗೆ ನಡೆಯಿರಿ.