ಉರಿಯ ಬಣ್ಣ ಹೇಳುವ ಗುಟ್ಟು

ಒಲೆಯ ಮೇಲಿನ ಸಾರು ಉಕ್ಕಿದಾಗ ಗ್ಯಾಸಿನ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಕೆಲಸ. ಕಾವಿಗೆ ಪರಮಾಣುವಿನ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಏರುತ್ತದೆ. ಇಳಿಯುವಾಗ ಪಡೆದ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಮೆಟ್ಟಿಲುಗಳ ಅಂತರ ಒಂದೊಂದು ಧಾತುವಿಗೂ ಬೇರೆ. ಆದ್ದರಿಂದ ಬಣ್ಣವೂ ಬೇರೆ. ತಾಮ್ರಕ್ಕೆ ಹಸಿರು, ಸ್ಟ್ರಾನ್ಷಿಯಂಗೆ ಕೆಂಪು. ಸೌದೆಯ ಹಳದಿ ಉರಿಯ ಕಥೆ ಬೇರೆ. ಅಲ್ಲಿ ಹೊಳೆಯುವುದು ಕಾದ ಮಸಿಯ ಕಣಗಳು.

ನಕ್ಷತ್ರಗಳು ಯಾವ ದ್ರವ್ಯದಿಂದಾದವೆಂದು ಮನುಷ್ಯ ಎಂದೂ ಅರಿಯಲಾರ ಎಂದು ಫ್ರೆಂಚ್ ತತ್ವಜ್ಞಾನಿ ಆಗಸ್ಟ್ ಕಾಮ್ಟ್ 1835ರಲ್ಲಿ ಬರೆದರು. 1859ರಲ್ಲಿ ಹೈಡೆಲ್‌ಬರ್ಗಿನ ಕಿರ್ಕಾಫ್, ಸೋಡಿಯಂ ಉರಿಯ ಹಳದಿ ಗೆರೆಗಳಿರುವ ಜಾಗದಲ್ಲೇ ಸೂರ್ಯನ ಬೆಳಕಿನಲ್ಲಿ ಕಪ್ಪು ಗೆರೆಗಳಿರುವುದರ ಅರ್ಥ ಬಿಡಿಸಿದರು: ಸೂರ್ಯನಲ್ಲೂ ಸೋಡಿಯಂ ಇದೆ!